ಡೈವೋರ್ಸ್ ಮೀಡಿಯೇಶನ್‌ಗೆ ಹೋಗ್ಬೇಕು ಅಂತಿದೀವಿ, ಆದ್ರೆ ಅಂಗಡಿ ಇಬ್ಬರದೂ ಐತೆ, ಅದನ್ನ ಹೆಂಗೆ ಬಿಡಿಸ್ಕೊಳ್ಳೋದು? (ದಾವಣಗೆರೆ)

ಉದ್ರಿಬುಕ್ಕು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರ್ ಮಾಡ್ಕೋಬೇಡ್ರಿ, ಮನೇಲಿ ಯಾರ ಹತ್ರ ಹೇಳಿದ್ರೂ ಅಳೋದು ಬೈಯೋದು ಅಷ್ಟೇ ಆಗ್ತಿದೆ ಅದಕ್ಕೆ ಇಲ್ಲಿ ಕೇಳ್ತಿದೀನಿ.

ನಮ್ಮದು ದಾವಣಗೆರೆ. ಎಪಿಎಂಸಿ ಕಡೆ ಪಂಪ್‌ಸೆಟ್ ಅಂಗಡಿ ಐತೆ, ಸಬ್‌ಮರ್ಸಿಬಲ್ ಮೋಟ್ರು, ಪಿವಿಸಿ ಪೈಪು, ಕೇಬಲ್ಲು, ಸ್ಟಾರ್ಟರ್, ಡ್ರಿಪ್ ಸಾಮಾನು ಎಲ್ಲಾ ಇಡ್ತೀವಿ. ಮದುವೆ ಆಗಿ 14 ವರ್ಷ, ಅಂಗಡಿಗೆ 11 ವರ್ಷ. ಮೊದಲ್ನೇ ಲೋಡ್ ಪೈಪ್ ಇಳಿಸಿದ್ದು ನಮ್ಮ ತವರುಮನೆಯವರು ಮದುವೆಗೆ ಹಾಕಿದ್ದ ಬಂಗಾರ ಅಡ ಇಟ್ಟು. ಪಾರ್ಟ್ನರ್‌ಶಿಪ್ ಡೀಡ್ ಮಾಡ್ಸಿದೀವಿ, ನಾನು ನಮ್ಮನೆಯವರು ಇಬ್ರೇ, ಫಿಫ್ಟಿ ಫಿಫ್ಟಿ. ಬ್ಯಾಂಕಲ್ಲಿ ಸಿಸಿ ಲಿಮಿಟ್ (ಬೇಕಾದಾಗ ಎತ್ತಿ ವಾಪಸ್ ಕಟ್ಟೋ ವ್ಯಾಪಾರದ ಸಾಲ) ಐತೆ ಅದಕ್ಕೆ ಇಬ್ಬರೂ ಸಹಿ ಹಾಕೀವಿ. ಹರಿಹರ ರೋಡಲ್ಲಿ ಗೋಡೌನಿಗೆ ಅಂತ ಒಂದು ಸೈಟ್ ತಗೊಂಡ್ವಿ, ದುಡ್ಡು ಅಂಗಡಿದು, ರಿಜಿಸ್ಟರ್ ಆಗಿರೋದು ಅವರೊಬ್ಬರ ಹೆಸರಿಗೆ.

14 ತಿಂಗಳಿಂದ ನಾನು ಮಗಳು ವಿದ್ಯಾನಗರದಲ್ಲಿ ಅಮ್ಮನ ಮನೇಲಿ ಇದೀವಿ. ಯಾಕೆ ಏನು ಅಂತ ಇಲ್ಲಿ ಬರೆಯಲ್ಲ, ಮತ್ತೆ ಸೇರೋ ಮಾತಿಲ್ಲ, ಅದು ಇಬ್ಬರಿಗೂ ಗೊತ್ತು. ಆದ್ರೆ ದಿನಾ ಬೆಳಿಗ್ಗೆ ಹತ್ತಕ್ಕೆ ಇಬ್ಬರೂ ಅದೇ ಅಂಗಡಿಗೇ ಬರ್ತೀವಿ. ಕೌಂಟ್ರು ಅವರದು, ಲೆಕ್ಕ ನಂದು. ಬೋರಲ್ಲಿ ನೀರು ಬಿದ್ದ ರಾತ್ರಿನೇ ಜಗಳೂರು ಕಡೆಯಿಂದ ಫೋನ್ ಬರುತ್ತೆ ಅಕ್ಕಾ ಮೋಟ್ರು ಬೇಕು ದುಡ್ಡು ಮೆಕ್ಕೆಜೋಳ ಮಾರಿದ ಮೇಲೆ ಅಂತ, ಚನ್ನಗಿರಿ ಕಡೆಯವರು ಅಡಿಕೆ ಕೊಟ್ಟ ಮೇಲೆ ಅಂತಾರೆ, ಎಲ್ಲಾ ಉದ್ರಿ. ಆ ಕೆಂಪು ರಟ್ಟಿನ ಉದ್ದ ಬುಕ್ಕಲ್ಲಿ ಒಂದೊಂದು ಪುಟದಲ್ಲಿ ಮೇಲೆ ಅವರ ಅಕ್ಷರ ಕೆಳಗೆ ನನ್ನ ಅಕ್ಷರ ಐತೆ. ಕೆಲವು ಹೆಸರು ಅವರಿಗೆ ಮಾತ್ರ ಗೊತ್ತು, ಕೆಲವು ನನಗೆ ಮಾತ್ರ. ಇದನ್ನ ಹೆಂಗೆ ಎರಡು ಮಾಡೋದು ಹೇಳ್ರಿ.

ಕೋರ್ಟು ಕಚೇರಿ ಅಂತ ವರ್ಷಗಟ್ಲೆ ಹೊಡೆದಾಡೋದು ಬೇಡ, ಮೀಡಿಯೇಶನಲ್ಲಿ ಮುಗಿಸೋಣ ಅಂತ ಇಬ್ಬರೂ ಒಪ್ಪೀವಿ. ಇನ್ನೂ ಕೇಸ್ ಹಾಕಿಲ್ಲ. ನನ್ನ ಪ್ರಶ್ನೆ: ಅಂಗಡಿ ಬೆಲೆ ಕಟ್ಟೋರು ಯಾರು? ಮೀಡಿಯೇಟರ್ ಲೆಕ್ಕದ ಬುಕ್ ನೋಡ್ತಾರಾ? ನಾನು ಹೊರಗೆ ಬಂದ್ರೆ ಏನೇನು ಬರೆಸ್ಕೋಬೇಕು? ಗೊತ್ತಿದ್ದೋರು ದಯವಿಟ್ಟು ಹೇಳ್ರಿ.

ಬೆಣ್ಣೆನಗರಿ_77

ಅಕ್ಕ ಟೆನ್ಶನ್ ತಗೋಬೇಡ್ರಿ, ಡೈವೋರ್ಸ್ ಆದ್ರೆ ಗಂಡನ ಆಸ್ತೀಲಿ ಅರ್ಧ ಹೆಂಡ್ತಿಗೆ ಅಂತ ಕಾನೂನೇ ಐತೆ. ಅಂಗಡಿ ಅರ್ಧ, ಸೈಟ್ ಅರ್ಧ ಧೈರ್ಯವಾಗಿ ಕೇಳ್ರಿ.

ಕರಿಕೋಟು_ದಾವಣಗೆರೆ

ಮೇಲಿನವರು ಒಳ್ಳೆ ಮನಸ್ಸಿಂದ ಹೇಳಿದ್ದಾರೆ ಆದ್ರೆ ಅದು ತಪ್ಪು, ಇದನ್ನ ನಂಬ್ಕೊಂಡು ಮೀಡಿಯೇಶನ್‌ಗೆ ಹೋಗಿ ಕೂತ್ರೆ ಮೊದಲ ದಿನವೇ ಮಾತು ಮುರಿಯುತ್ತೆ. ನಾನು ಇಲ್ಲೇ ಫ್ಯಾಮಿಲಿ ಕೋರ್ಟಲ್ಲಿ ಪ್ರಾಕ್ಟೀಸ್ ಮಾಡ್ತೀನಿ, ಇಂಥ ಅರ್ಧ ಅರ್ಧದ ಮಾತು ವಾರಕ್ಕೊಂದು ಸಲ ಕೇಳ್ತೀನಿ. ನಮ್ಮ ದೇಶದಲ್ಲಿ ಡೈವೋರ್ಸ್ ಆದ ತಕ್ಷಣ ಆಸ್ತಿ ಎರಡು ಪಾಲು ಅನ್ನೋ ಕಾನೂನು ಇಲ್ಲ. ಹಿಂದೂ ವಿವಾಹ ಕಾಯ್ದೆ 1955ರಲ್ಲಿ 24ನೇ ಸೆಕ್ಷನ್ ಮಧ್ಯಂತರ ಜೀವನಾಂಶ, 25 ಶಾಶ್ವತ ಜೀವನಾಂಶ, 27 ಮದುವೆ ಸಮಯದಲ್ಲಿ ಇಬ್ಬರಿಗೂ ಸೇರಿ ಬಂದ ವಸ್ತುಗಳ ವಿಚಾರ, ಅಷ್ಟೇ.

ಆದ್ರೆ ಮೇಡಂ, ಅಂಗಡೀಲಿ ನಿಮಗೆ ಅರ್ಧ ಐತೆ. ಹೆಂಡ್ತಿ ಅಂತ ಅಲ್ಲ, ಪಾರ್ಟ್ನರ್ ಅಂತ. ಈ ಎರಡನ್ನ ತಲೇಲಿ ಬೇರೆ ಬೇರೆ ಇಟ್ಕೊಳ್ಳಿ. ಮದುವೆ ಒಂದು ಗಂಟು, ಫರ್ಮ್ ಇನ್ನೊಂದು ಗಂಟು. ಕೋರ್ಟಲ್ಲಿ ಹೋರಾಡೋಕೆ ಹೋದ್ರೆ ಎರಡಕ್ಕೂ ಬೇರೆ ಬೇರೆ ಕೇಸು ಆಗುತ್ತೆ, ಫ್ಯಾಮಿಲಿ ಕೋರ್ಟಲ್ಲಿ ಒಂದು, ಫರ್ಮ್ ಲೆಕ್ಕಕ್ಕೆ ಸಿವಿಲ್ ಕೋರ್ಟಲ್ಲಿ ಒಂದು. ಮೀಡಿಯೇಶನಲ್ಲಿ ಎರಡನ್ನೂ ಒಂದೇ ಟೇಬಲ್ ಮೇಲೆ ಇಟ್ಟು ಬಿಚ್ಚಬಹುದು, ಅಂಗಡಿ ಇರೋರಿಗೆ ಅದರ ದೊಡ್ಡ ಉಪಕಾರ ಇದೇ.

ಸೈಟ್ ವಿಷಯ. ಪಾರ್ಟ್ನರ್‌ಶಿಪ್ ಕಾಯ್ದೆ 1932, ಸೆಕ್ಷನ್ 14 ಓದಿ. ಫರ್ಮ್ ದುಡ್ಡಿಂದ ಕೊಂಡದ್ದು ಬೇರೆ ಉದ್ದೇಶ ಇತ್ತು ಅಂತ ಕಾಣದಿದ್ರೆ ಫರ್ಮಿನ ಆಸ್ತಿ ಅಂತಲೇ ಲೆಕ್ಕ, ಯಾರ ಹೆಸರಲ್ಲಿ ರಿಜಿಸ್ಟರ್ ಆಗೈತೆ ಅನ್ನೋದೊಂದೇ ಮುಖ್ಯ ಅಲ್ಲ. ಸೈಟ್ ದುಡ್ಡು ಹೋದ ಬ್ಯಾಂಕ್ ಸ್ಟೇಟ್‌ಮೆಂಟ್ ಇವತ್ತೇ ತೆಗೆದಿಟ್ಕೊಳ್ಳಿ. ಬಂಗಾರ ನಿಮ್ಮ ಸ್ತ್ರೀಧನ, ಅದು ಪೂರ್ತಿ ಹೆಣ್ಣುಮಗಳದ್ದೇ, ಗಂಡನ ಕೈಲಿದ್ರೂ ಅವನದಾಗಲ್ಲ ಅಂತ ಸುಪ್ರೀಂ ಕೋರ್ಟ್ 1985ರಲ್ಲೇ ಪ್ರತಿಭಾ ರಾಣಿ ಕೇಸಲ್ಲಿ ಹೇಳಿದೆ.

ಮೀಡಿಯೇಟರ್ ಜಡ್ಜ್ ಅಲ್ಲ. ತೀರ್ಪು ಕೊಡಲ್ಲ, ಬೆಲೆ ಕಟ್ಟಲ್ಲ. ಇಬ್ಬರನ್ನೂ ಒಟ್ಟಿಗೆ ಕೂರಿಸ್ತಾರೆ, ಆಮೇಲೆ ಒಬ್ಬೊಬ್ಬರನ್ನೇ ಬೇರೆ ಕೂರಿಸಿ ಮಾತಾಡ್ತಾರೆ. ಅಲ್ಲಿ ಆಡಿದ ಮಾತು ಗುಟ್ಟಾಗಿರುತ್ತೆ, ರಾಜಿ ಆಗದಿದ್ರೆ ಕೋರ್ಟಿಗೆ ಆಗಲಿಲ್ಲ ಅಂತ ಮಾತ್ರ ಹೋಗುತ್ತೆ, ಯಾರು ಏನಂದ್ರು ಅನ್ನೋದು ಹೋಗಲ್ಲ. ಹಂಗಾಗಿ ಅಂಗಡಿ ನಿಜವಾದ ಲೆಕ್ಕ ಬಿಚ್ಚಿ ಮಾತಾಡೋಕೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಬೆಲೆ ಕಟ್ಟೋಕೆ ಇಬ್ಬರೂ ಒಪ್ಪಿದ ಒಬ್ಬ ಸಿಎ ಇರಲಿ, ನಿಮಗೊಬ್ಬ ಅವರಿಗೊಬ್ಬ ಅಂತ ಮಾಡಿದ್ರೆ ಎರಡು ರಿಪೋರ್ಟ್ ಬಂದು ಜಗಳ ಡಬಲ್ ಆಗುತ್ತೆ. ಆದ್ರೆ ವಕೀಲರು ಮಾತ್ರ ಇಬ್ಬರಿಗೂ ಬೇರೆ ಬೇರೆ ಇರಲೇಬೇಕು.

ಕೇಸ್ ಹಾಕದೇನೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಐತೆ, ಸಹಾಯವಾಣಿ 15100. ರಾಜಿ ಆದ ಮೇಲೆ ಅದೇ ವಿವಾಹ ಕಾಯ್ದೆಯ 13ಬಿ ಸೆಕ್ಷನ್ ಕೆಳಗೆ ಇಬ್ಬರೂ ಒಪ್ಪಿ ಸೇರಿ ಡೈವೋರ್ಸ್ ಅರ್ಜಿ. ಒಂದು ವರ್ಷ ಬೇರೆ ಇರಬೇಕು, ನಿಮಗದು ಆಗಿದೆ. ದಿನಾ ಒಂದೇ ಅಂಗಡೀಲಿ ಕೂರ್ತೀವಲ್ಲ ಅಂತ ಹೆದರಬೇಡಿ, ಗಂಡ ಹೆಂಡ್ತಿಯಾಗಿ ಬಾಳ್ತಿಲ್ಲ ಅನ್ನೋದು ಮುಖ್ಯ, ಜಾಗ ಅಲ್ಲ. ಆಮೇಲೆ ಆರು ತಿಂಗಳು ಕಾಯೋದು, ಅದನ್ನ ಕೂಡ ಕೋರ್ಟ್ ಮನ್ನಾ ಮಾಡಬಹುದು ಅಂತ 2017ರ ಅಮರದೀಪ್ ಸಿಂಗ್ ತೀರ್ಪು ಐತೆ. ಆದ್ರೆ ಅದಕ್ಕೆ ಕೆಲವು ಷರತ್ತು ಐತೆ, ಅದರಲ್ಲೊಂದು ಜೀವನಾಂಶ, ಮಕ್ಕಳು, ಬಾಕಿ ವಿಚಾರ ಎಲ್ಲಾ ನಿಜವಾಗ್ಲೂ ಇತ್ಯರ್ಥ ಆಗಿರಬೇಕು ಅನ್ನೋದು. ಅಂಗಡಿ ನೇತಾಡ್ತಿದ್ರೆ ಇದೂ ನೇತಾಡುತ್ತೆ.

ಟ್ಯಾಲಿ_ಲೆಕ್ಕ

ವಕೀಲ್ರು ಕಾನೂನು ಹೇಳಿದ್ರು, ನಾನು ಲೆಕ್ಕ ಹೇಳ್ತೀನಿ. ಜಿಎಸ್‌ಟಿ, ಅಕೌಂಟ್ಸ್ ಮಾಡ್ತೀನಿ ಇಪ್ಪತ್ತು ವರ್ಷದಿಂದ.

ಮೊದಲು ಒಂದು ತಪ್ಪು ತಿಳುವಳಿಕೆ ಬಿಡಿಸ್ತೀನಿ. ಫಿಫ್ಟಿ ಫಿಫ್ಟಿ ಅಂದ್ರೆ ಲಾಭದ ಪಾಲು. ಅಂಗಡೀಲಿ ನಿಮ್ಮ ದುಡ್ಡು ಎಷ್ಟು ಅನ್ನೋದು ಕ್ಯಾಪಿಟಲ್ ಅಕೌಂಟ್ ಹೇಳುತ್ತೆ. ಅವರು ಮನೆ ಖರ್ಚಿಗೆ ಅಂತ ಜಾಸ್ತಿ ಡ್ರಾ ಮಾಡಿದ್ರೆ ಅವರ ಕ್ಯಾಪಿಟಲ್ ಕಮ್ಮಿ ಆಗಿರುತ್ತೆ. ನಿಮ್ಮ ಬಂಗಾರದ ದುಡ್ಡು ಯಾರ ಕ್ಯಾಪಿಟಲ್‌ಗೆ ಜಮಾ ಆಗೈತೆ ನೋಡಿ, ಹಳೇ ಫೈಲ್ ತೆಗೆಸಿ. ಬಹಳ ಕಡೆ ಹೆಂಡ್ತಿ ಬಂಗಾರದ ದುಡ್ಡು ಗಂಡನ ಕ್ಯಾಪಿಟಲ್ ಅಂತ ಕೂತಿರುತ್ತೆ ಹತ್ತು ವರ್ಷ ಯಾರೂ ನೋಡಿರಲ್ಲ. ನಾನೇ ನೋಡೀನಿ ಬಹಳ ಸಂಕಟ ಆಗುತ್ತೆ.

ಬೆಲೆ ಕಟ್ಟೋದು ಹೆಂಗೆ ಅಂದ್ರೆ ಸುಮ್ಮನೆ ಉದಾಹರಣೆಗೆ ಸ್ಟಾಕ್ 40 ಲಕ್ಷ, ಉದ್ರಿ 22 ಲಕ್ಷ, ಬ್ಯಾಂಕ್ ಬಾಕಿ 25, ಕಂಪನಿಗಳಿಗೆ ಕೊಡಬೇಕಾದ್ದು 9 ಅನ್ಕೊಳ್ಳಿ. ಉಳಿದದ್ದು 28 ಲಕ್ಷ. ಪೇಪರ್ ಮೇಲೆ. ಈಗ ರ‍್ಯಾಕಿನ ಹಿಂದೆ ಹೋಗಿ ನೋಡಿದ್ರೆ ಹಳೇ ಮಾಡೆಲ್ ಮೋಟ್ರು, ಬಿಸಿಲಿಗೆ ಬಿಳಿಚಿದ ಪೈಪು, ಯಾರೂ ಕೇಳದ ಸೈಜಿನ ಫಿಟ್ಟಿಂಗ್ಸು, ಅದನ್ನ ಕೊಂಡ ರೇಟಿಗೆ ಹಿಡಿಯೋಕಾಗಲ್ಲ. ಉದ್ರಿ ಅಂತೂ ಇನ್ನೂ ಸೂಕ್ಷ್ಮ. ಸಾಮಾನು ಕೊಟ್ಟು ಮೂರು ವರ್ಷ ದಾಟಿದ್ರೆ, ನಡುವೆ ಬಾಕಿ ಐತೆ ಅಂತ ಅವರ ಸಹಿನೋ ಬರವಣಿಗೆಯೋ ಇಲ್ಲದಿದ್ರೆ, ಕೋರ್ಟಲ್ಲಿ ವಸೂಲಿಗೆ ಹೋಗೋಕೆ ಬರಲ್ಲ, ಕಾಲಮಿತಿ ಮುಗಿದಂಗೆ. ಅವರು ಮನಸಾರೆ ಕೊಟ್ರೆ ಉಂಟು. ಹಂಗಾಗಿ ಬುಕ್ಕನ್ನ ಮೂರು ಭಾಗ ಮಾಡಿ, ಬಂದೇ ಬರೋದು, ಬರಬಹುದು, ಬರೋದು ಡೌಟು. 22ರಲ್ಲಿ 13 ಮಾತ್ರ ಗಟ್ಟಿ ಅಂದ್ರೆ ಆ 28 ಹೋಗಿ 19 ಆಯ್ತು, ನೋಡಿ ಎಷ್ಟು ವ್ಯತ್ಯಾಸ. ಇಬ್ಬರ ಅಕ್ಷರ ಒಂದೇ ಪುಟದಲ್ಲಿ ಐತೆ ಅಂದ್ರಲ್ಲ, ಈ ಕೆಲಸ ಇಬ್ಬರೂ ಕೂತೇ ಮಾಡ್ಬೇಕು, ಯಾವ ಸಿಎ ಬಂದ್ರೂ ಜಗಳೂರಿನ ಯಾರು ಪ್ರಾಮಾಣಿಕರು ಅಂತ ಅವರಿಗೆ ಗೊತ್ತಾಗಲ್ಲ.

ಅಂಗಡಿ ಹೆಸರು, ಗಿರಾಕಿ, ಕಂಪನಿ ಡೀಲರ್‌ಶಿಪ್ ಇದಕ್ಕೂ ಬೆಲೆ ಐತೆ. ಡೀಲರ್‌ಶಿಪ್ ಅಗ್ರಿಮೆಂಟ್ ತೆಗೆದು ಓದಿ, ಪಾರ್ಟ್ನರ್ ಬದಲಾದ್ರೆ ಕಂಪನಿ ಒಪ್ಪಿಗೆ ಬೇಕಾ ಅಂತ.

ಜಿಎಸ್‌ಟಿ. ಇದನ್ನ ಎಲ್ರೂ ಮರೀತಾರೆ. ಇಬ್ಬರೇ ಇರೋ ಫರ್ಮಲ್ಲಿ ಒಬ್ಬರು ಹೊರಗೆ ಬಂದ್ರೆ ಫರ್ಮೇ ಉಳಿಯಲ್ಲ, ಅವರು ಒಬ್ಬರೇ ಮಾಲೀಕರಾಗಿ ನಡೆಸ್ಬೇಕು, ಪ್ಯಾನ್ ಬೇರೆ, ಜಿಎಸ್‌ಟಿ ನಂಬರ್ ಬೇರೆ, ಸ್ಟಾಕ್ ಕೊಳ್ಳುವಾಗ ಕಟ್ಟಿದ ಜಿಎಸ್‌ಟಿಯ ಕ್ರೆಡಿಟ್ ದಾಟಿಸೋಕೆ ಐಟಿಸಿ-02 ಫಾರಂ. ಮತ್ತೆ ಸೆಕ್ಷನ್ 90 ಅಂತ ಐತೆ, ಪಾರ್ಟ್ನರ್ ಹೊರಗೆ ಬಂದ ವಿಷಯ ಒಂದು ತಿಂಗಳೊಳಗೆ ಜಿಎಸ್‌ಟಿ ಇಲಾಖೆಗೆ ಲಿಖಿತವಾಗಿ ತಿಳಿಸದಿದ್ರೆ ತಿಳಿಸೋ ದಿನದವರೆಗಿನ ತೆರಿಗೆಗೂ ಹೊರಗೆ ಬಂದವರೂ ಹೊಣೆ. ಗಂಡ ತಿಳಿಸ್ತಾರೆ ಅಂತ ಕೂರಬೇಡಿ, ನೀವೇ ಕೊಟ್ಟು ಅಕ್ನಾಲೆಡ್ಜ್‌ಮೆಂಟ್ ಇಟ್ಕೊಳ್ಳಿ.

ಉದ್ರಿಬುಕ್ಕು

ಇಷ್ಟೆಲ್ಲಾ ಐತೆ ಅಂತ ಗೊತ್ತೇ ಇರಲಿಲ್ಲ. ಇಬ್ಬರಿಗೂ ಕೈ ಮುಗೀತೀನಿ. ಕ್ಯಾಪಿಟಲ್ ಅಕೌಂಟ್ ನಾಳೆ ನೋಡ್ತೀನಿ, ಲೆಕ್ಕ ನಾನೇ ಬರೆದ್ರೂ ವರ್ಷದ ಕೊನೇಲಿ ಬ್ಯಾಲೆನ್ಸ್ ಶೀಟಿಗೆ ಸಹಿ ಹಾಕಿ ಕೊಡ್ತಿದ್ದೆ ಅಷ್ಟೇ, ಒಳಗೆ ಓದಿಲ್ಲ.

ಇನ್ನೊಂದು. ನಮ್ಮ ಮಾವನವರು ಕೋರ್ಟ್ ಬೇಡ, ಸಿರಿಗೆರೆ ಮಠಕ್ಕೆ ಹೋಗೋಣ ಅಂತಿದಾರೆ. ಅವರು ದೊಡ್ಡವರು, ನನ್ನನ್ನ ಇವತ್ತಿಗೂ ಮಗಳ ಥರ ನೋಡ್ತಾರೆ, ಇಲ್ಲ ಅನ್ನೋಕೂ ಮನಸ್ಸು ಬರ್ತಿಲ್ಲ. ಹೋಗಬಹುದಾ?

ಮೆಕ್ಕೆಜೋಳ_ಅಣ್ಣ

ತಂಗೀ, ನಾನು ಆ ಕಡೆಯವನೇ. ಸಿರಿಗೆರೆ ತರಳಬಾಳು ಮಠದ ಸದ್ಧರ್ಮ ನ್ಯಾಯಪೀಠಕ್ಕೆ ಸೋಮವಾರ ಹೋಗಿ ನೋಡು, ದಾವಣಗೆರೆ ಚಿತ್ರದುರ್ಗ ಎರಡೂ ಜಿಲ್ಲೆ ಮಂದಿ ಇರ್ತಾರ. ಹೊಲದ ಬದುವಿನ ಜಗಳ, ಅಣ್ಣತಮ್ಮರ ಪಾಲು, ಗಂಡ ಹೆಂಡ್ರ ವ್ಯಾಜ್ಯ ಎಲ್ಲಾ ಬರ್ತಾವು. ನಮ್ಮ ಅಣ್ಣತಮ್ಮರ ಪಾಲು ಅಲ್ಲೇ ಬಗೆಹರಿದಿದ್ದು. ಕೋರ್ಟಲ್ಲಿ ಒಬ್ಬರ ಮುಖ ಒಬ್ಬರು ನೋಡ್ದಂಗ ಎಂಟು ವರ್ಷ ಓಡಾಡಿದ್ವಿ, ಅಲ್ಲಿ ಎದುರುಬದುರು ನಿಂತು ಮಾತಾಡಿದ ಮೇಲೆ ನಮ್ಮಣ್ಣ ನಮ್ಮ ಮನಿಗೆ ಬಂದು ಊಟ ಮಾಡಿದ. ಹಿರಿಯರ ಮಾತಿಗೆ ಬೆಲೆ ಕೊಡೋ ಮನೆತನ ಆದ್ರ ಹೋಗ್ರಿ, ಮಾವನವರ ಮನಸ್ಸಿಗೂ ಸಮಾಧಾನ.

ಆದ್ರ ಒಂದು ಮಾತು. ಅಲ್ಲಿ ಮಂದಿ ಕೇಳ್ತಿರ್ತಾರ. ನಿಮ್ಮ ಗಿರಾಕಿಗಳೂ ಅದೇ ಮಂದಿ. ಅಂಗಡಿ ಸಾಲ ಎಷ್ಟೈತಿ, ಯಾರ ಉದ್ರಿ ಬಂದಿಲ್ಲ ಅನ್ನೋದು ನಾಕು ಮಂದಿ ಮುಂದೆ ಬಂದ್ರ ವ್ಯಾಪಾರಕ್ಕ ಪೆಟ್ಟು ಬೀಳ್ತೈತಿ. ಮನಸ್ಸಿನ ಮಾತು ಅಲ್ಲಿ, ದುಡ್ಡಿನ ಮಾತು ಮೀಡಿಯೇಟರ್ ಮುಂದೆ ಅಂತ ಇಟ್ಕೋರಿ.

ಕರಿಕೋಟು_ದಾವಣಗೆರೆ

ಅಣ್ಣ ಸರಿಯಾಗಿ ಹೇಳಿದ್ರು. ಎಲ್ಲಿ ರಾಜಿ ಆದ್ರೂ ಮದುವೆ ಮುರಿಯೋ ಡಿಕ್ರಿ ಮಾತ್ರ ಫ್ಯಾಮಿಲಿ ಕೋರ್ಟಿಂದಲೇ ಬರಬೇಕು ಅನ್ನೋದು ನೆನಪಿರಲಿ. ಹಾಳೆ ಮೇಲೆ ಹಿರಿಯರ ಮುಂದೆ ಬಿಡುಗಡೆ ಅಂತ ಬರೆದುಕೊಂಡು ಆಮೇಲೆ ಎರಡನೇ ಮದುವೆ ಟೈಮಲ್ಲಿ ಒದ್ದಾಡೋರು ಈಗಲೂ ಬರ್ತಾರೆ.

ಶೇಂಗಾ_ಗಾಣ_ಚಳ್ಳಕೆರೆ

ನಾನು ಬರೀಬೇಕೋ ಬೇಡವೋ ಅಂತ ಎರಡು ದಿನ ಯೋಚನೆ ಮಾಡ್ದೆ. ಬರೀತೀನಿ, ನಿಮಗೆ ಉಪಯೋಗ ಆಗ್ಲಿ.

ನಮ್ಮದು ಚಳ್ಳಕೆರೆ, ಎಣ್ಣೆ ಮಿಲ್ಲು. ನಮ್ಮಿಬ್ಬರದು ಮೀಡಿಯೇಶನಲ್ಲೇ ಆಯ್ತು, ನಾಲ್ಕು ಸಿಟ್ಟಿಂಗ್. ಜಗಳ ಇಲ್ಲ. ಮೀಡಿಯೇಟರಮ್ಮ ಬಹಳ ತಾಳ್ಮೆಯವರು, ಮೂರನೇ ಸಿಟ್ಟಿಂಗಲ್ಲಿ ನಾನು ಮಿಲ್ ಕಟ್ಟಿದ್ದು ನಾನೊಬ್ಬನೇ ಅಂದೆ, ಅವರು ಏನೂ ಅನ್ನದೆ ನನ್ನನ್ನ ಹೊರಗೆ ಕೂರಿಸಿ ಅವಳ ಹತ್ರ ಮಾತಾಡಿದ್ರು, ಆಮೇಲೆ ನನ್ನ ಕರೆದು ಸೀಸನ್ ಟೈಮಲ್ಲಿ ಹಮಾಲರಿಗೆ ಬೆಳಿಗ್ಗೆ ಆರಕ್ಕೆ ತಿಂಡಿ ಮಾಡಿ ಹಾಕ್ತಿದ್ದೋರು ಯಾರು, ತೂಕದ ಚೀಟಿ ಬರೀತಿದ್ದೋರು ಯಾರು ಅಂತ ಕೇಳಿದ್ರು. ನನಗೆ ಮಾತು ಬರ್ಲಿಲ್ಲ. ಅವತ್ತೇ ಮೊತ್ತ ಒಪ್ಕೊಂಡೆ. ಮೂರು ಕಂತು, ಮೂರೂ ಕೊಟ್ಟೆ, ಡಿಕ್ರಿ ಆಯ್ತು.

ತಪ್ಪಾಗಿದ್ದು ಒಂದೇ ಕಡೆ. ಮಿಲ್ಲಿನ ಸಿಸಿಗೆ ಅವಳು ಗ್ಯಾರಂಟಿ ಸಹಿ ಹಾಕಿದ್ಲು. ರಾಜಿ ಪತ್ರದಲ್ಲಿ ಬ್ಯಾಂಕ್ ಸಾಲ ಪೂರ್ತಿ ಗಂಡನ ಜವಾಬ್ದಾರಿ ಅಂತ ಒಂದು ಸಾಲು ಬರೆದ್ವಿ, ಸಾಕು ಅನ್ಕೊಂಡ್ವಿ. ಎರಡು ವರ್ಷ ಆದ್ಮೇಲೆ ಶೇಂಗಾ ರೇಟಲ್ಲಿ ಹೊಡೆತ ಬಿದ್ದು ನನ್ನ ಅಕೌಂಟು ಬಾಕಿ ಕಟ್ಟದೆ 90 ದಿನ ದಾಟ್ತು. ಬ್ಯಾಂಕಿನವರು 60 ದಿನದೊಳಗೆ ಸಾಲ ತೀರಿಸಿ ಅಂತ ನೋಟಿಸ್ ಕಳ್ಸಿದ್ರು. ನನಗಷ್ಟೇ ಅಲ್ಲ, ಅವಳಿಗೂ. ಅವಳು ಆಗ ಬೇರೆ ಊರಲ್ಲಿ ಕೆಲಸಕ್ಕೆ ಸೇರಿ ತನ್ನ ಪಾಡಿಗೆ ತಾನಿದ್ಲು, ಪೋಸ್ಟ್‌ಮ್ಯಾನ್ ಕೈಯಿಂದ ಆ ಕವರ್ ತಗೊಂಡು ನನಗೆ ಫೋನ್ ಮಾಡಿ ಇನ್ನೂ ಬಿಟ್ಟಿಲ್ವಾ ನನ್ನ ಅಂತ ಕೇಳಿದ್ಲು. ಆ ಮಾತು ಇವತ್ತಿಗೂ ಕಿವೀಲಿ ಐತೆ. ಬ್ಯಾಂಕಿಗೆ ಹೋಗಿ ಡಿಕ್ರಿ ತೋರಿಸಿದ್ರೆ ಅದು ನಿಮ್ಮಿಬ್ಬರ ಮಧ್ಯದ ಮಾತು, ನಾವು ಅದಕ್ಕೆ ಸಹಿ ಹಾಕಿಲ್ಲ ಅಂದ್ರು. ಕಾನೂನು ಪ್ರಕಾರ ಅವರು ಹೇಳಿದ್ದು ಸರಿಯೇ, ಜಾಮೀನುದಾರರ ಹೊಣೆ ಸಾಲಗಾರನಷ್ಟೇ ಅಂತೆ. ಒಂದು ಎಕರೆ ಮಾರಿ ತೀರಿಸ್ದೆ.

ಅದಕ್ಕೆ ಹೇಳ್ತೀನಿ ತಾಯಿ, ಬ್ಯಾಂಕಿಂದ ನಿಮ್ಮ ಗ್ಯಾರಂಟಿ ಬಿಡುಗಡೆ ಮಾಡಿದೀವಿ ಅಂತ ಲೆಟರ್ ಕೈಗೆ ಬರೋವರೆಗೂ ಕೊನೇ ಸಹಿ ಹಾಕಬೇಡಿ. ನಿಮ್ಮ ಜಾಗಕ್ಕೆ ಅವರ ಅಣ್ಣನೋ ತಮ್ಮನೋ ಗ್ಯಾರಂಟಿ ನಿಲ್ಲಲಿ, ಇಲ್ಲ ಸಾಲ ಬೇರೆ ಬ್ಯಾಂಕಿಗೆ ಅವರೊಬ್ಬರ ಹೆಸರಲ್ಲಿ ಹೋಗಲಿ, ಏನಾದ್ರೂ ಮಾಡ್ಲಿ. ನಿಮ್ಮನೆಯವರಿಗೂ ಇದನ್ನ ಓದಿಸಿ. ನನಗೆ ಯಾರಾದ್ರೂ ಓದಿಸಿದ್ರೆ ನಾನು ಮಾಡಿಸ್ತಿದ್ದೆ, ಬೇಕಂತ ಬಿಟ್ಟಿದ್ದಲ್ಲ.

ಕರಿಕೋಟು_ದಾವಣಗೆರೆ

ಚಳ್ಳಕೆರೆಯವರು ಬರೆದದ್ದು ಬಹಳ ದೊಡ್ಡ ಉಪಕಾರ. ಇದಕ್ಕೇ ನಾನು ರಾಜಿ ಪತ್ರದಲ್ಲಿ ಬರೀ ಮೊತ್ತ ಬರೆಸಲ್ಲ, ಯಾವುದು ಮೊದಲು ಯಾವುದು ಆಮೇಲೆ ಅಂತ ತಾರೀಖು ಸಮೇತ ಬರೆಸ್ತೀನಿ. ಬ್ಯಾಂಕ್ ಲೆಟರ್, ಪಾರ್ಟ್ನರ್‌ಶಿಪ್ ಬಿಡೋ ಡೀಡ್, ಸೈಟ್ ಪತ್ರ, ಇದೆಲ್ಲಾ 13ಬಿಯಲ್ಲಿ ಕಾಯೋ ಅವಧಿ ಆದ್ಮೇಲೆ ಕೋರ್ಟಲ್ಲಿ ಕೊಡೋ ಎರಡನೇ ಹೇಳಿಕೆಗೆ ಮುಂಚೆ. ಅಲ್ಲೀವರೆಗೂ ಯಾರು ಬೇಕಾದ್ರೂ ಒಪ್ಪಿಗೆ ವಾಪಸ್ ತಗೋಬಹುದು, ಹಂಗಾಗಿ ಇಬ್ಬರಿಗೂ ಮಾತು ಉಳಿಸ್ಕೊಳ್ಳೋ ಒತ್ತಡ ಇರುತ್ತೆ.

ಫರ್ಮ್ ರಿಜಿಸ್ಟರ್ ಆಗಿದ್ರೆ ರಿಜಿಸ್ಟ್ರಾರ್‌ಗೆ ನೋಟಿಸ್, ಗೆಜೆಟ್, ಜಿಲ್ಲೆಯಲ್ಲಿ ಓಡಾಡೋ ಕನ್ನಡ ಪೇಪರಲ್ಲಿ ಪ್ರಕಟಣೆ. ಅದು ಆಗದಿದ್ರೆ ನೀವು ಬಿಟ್ಟ ಮೇಲೆ ಅವರು ಫರ್ಮ್ ಹೆಸರಲ್ಲಿ ಮಾಡಿದ ಸಾಲಕ್ಕೂ ನಿಮ್ಮನ್ನ ಹಿಡೀಬಹುದು. ಮತ್ತೆ ಡೀಡಲ್ಲಿ ಇಂಥ ಊರಲ್ಲಿ ಇಷ್ಟು ವರ್ಷ ಇದೇ ವ್ಯಾಪಾರ ಮಾಡಬಾರದು ಅಂತ ಸೇರಿಸ್ತಾರೆ, ಓದದೆ ಸಹಿ ಹಾಕಬೇಡಿ. ಅಂಥ ಕರಾರು ಇಲ್ಲದಿದ್ರೆ ನಾಳೆ ಎದುರಿಗೇ ನಿಮ್ಮ ಹೆಸರಲ್ಲಿ ಅಂಗಡಿ ತೆಗೆಯೋ ಹಕ್ಕು ನಿಮಗೈತೆ, ಹಳೇ ಫರ್ಮ್ ಹೆಸರು ಮಾತ್ರ ಬಳಸೋಕಾಗಲ್ಲ. ಹನ್ನೊಂದು ವರ್ಷ ಕಲಿತ ಕೆಲಸ, ಸುಲಭಕ್ಕೆ ಬಿಟ್ಕೊಡಬೇಡಿ.

ಉದ್ರಿಬುಕ್ಕು

ಎಲ್ರೂ ಬರೆದದ್ದು ಅವರಿಗೂ ಕಳ್ಸಿದ್ದೆ. ರಾತ್ರಿ ಓದಿದಾರೆ ಅನ್ಸುತ್ತೆ, ಬೆಳಿಗ್ಗೆ ಅಂಗಡೀಲಿ ಚಳ್ಳಕೆರೆಯವರದ್ದು ಓದ್ದೆ ಅಂದ್ರು, ಅಷ್ಟೇ ಮಾತು.

ಭಾನುವಾರ ಬಾಗಿಲು ಅರ್ಧ ಇಳಿಸಿ ಕೂತ್ವಿ. ಸ್ಟಾಕ್ ಎಣಿಸಿದ್ದು ಬೇಗ ಮುಗೀತು, ಉದ್ರಿಬುಕ್ಕಿಗೆ ಸಂಜೆ ಏಳಾಯ್ತು. ನಾನು ಹೆಸರು ಓದೋದು ಅವರು ಬರುತ್ತೆ ಬರಲ್ಲ ಅನ್ನೋದು. ಒಬ್ಬರ ಹೆಸರಿಗೆ ಬಂದಾಗ ನಾನು ಡೌಟು ಅಂತ ಬರೆಯೋಕೆ ಹೋದೆ, ಅವರು ತಡೆದು ಅವರ ಬೋರು ಎರಡು ಸಲ ಫೇಲ್ ಆಯ್ತು ಪಾಪ, ಆದ್ರೂ ಯುಗಾದಿಗೆ 5 ಸಾವಿರ ತಂದು ಕೊಟ್ಟಿದ್ರು ಬರೆಯೋದು ಮರ್ತಿದೀನಿ, ಬಂದೇ ಬರುತ್ತೆ ಅದರಲ್ಲಿ ಹಾಕು ಅಂದ್ರು. ಹಾಕ್ದೆ. ಬಂಗಾರದ ದುಡ್ಡು ಅವರ ಕ್ಯಾಪಿಟಲ್‌ಗೇ ಜಮಾ ಆಗಿತ್ತು, ಟ್ಯಾಲಿ ಸರ್ ಹೇಳಿದಂಗೇ. ಅದನ್ನ ತೋರಿಸಿದಾಗ ಅವರು ಇದು ನಿನ್ನದು ಅಂತ ಪೆನ್ಸಿಲಲ್ಲಿ ಪಕ್ಕ ಗುರುತು ಹಾಕಿದ್ರು. ಸಿಎ ಒಬ್ಬರನ್ನ ಇಬ್ಬರೂ ಒಪ್ಪೀವಿ. ಮಾವನವರಿಗೆ ಸಿರಿಗೆರೆಗೆ ಬರ್ತೀವಿ ಲೆಕ್ಕ ಮಾತ್ರ ಅಲ್ಲಿ ಬೇಡ ಅಂತ ಅವರೇ ಹೇಳಿದಾರೆ.

ಬ್ಯಾಂಕಿಂದ ಸಾಲದ ಪೇಪರ್ ಕಾಪಿ ತಗೊಂಡ್ವಿ. ನೋಡಿದ್ರೆ ಲಿಮಿಟ್ ಜಾಸ್ತಿ ಮಾಡ್ಸಿದಾಗ ನನ್ನ ತಮ್ಮನ ಹತ್ರನೂ ಗ್ಯಾರಂಟಿ ಸಹಿ ಹಾಕ್ಸಿದಾರೆ, ನನಗೂ ಮರ್ತೇ ಹೋಗಿತ್ತು ಅವನಿಗೂ ಮರ್ತಿತ್ತು. ಅವನಿಗೆ ಬರೋ ತಿಂಗಳು ಮದುವೆ. ಕರಿಕೋಟು ಸರ್, ಅವನ ಹೆಸರು ಬಿಡಿಸೋಕೂ ಅದೇ ಲೆಟರಲ್ಲಿ ಕೇಳಬಹುದಾ ಇಲ್ಲ ಬೇರೆ ಅರ್ಜಿ ಕೊಡಬೇಕಾ? ಸೋಮವಾರ ಬ್ಯಾಂಕಿಗೆ ಹೋಗ್ತಿದೀವಿ, ಇಬ್ಬರೂ.

ಕರಿಕೋಟು_ದಾವಣಗೆರೆ

ಬೇರೆ ಕೊಡಿಸಿ ಮೇಡಂ, ಅವರ ಸಹಿ ಇರೋ ಅರ್ಜಿ ಅವರದ್ದೇ. ಇನ್ನು ಮುಂದೆ ಎತ್ತೋ ದುಡ್ಡಿಗೆ ನನ್ನ ಜಾಮೀನು ಇಲ್ಲ ಅಂತ ನೀವು, ನಿಮ್ಮ ತಮ್ಮ ಒಂದೊಂದು ನೋಟಿಸ್ ಸೋಮವಾರವೇ ಕೊಡಿ, ಜಾಮೀನಿನ ಮಟ್ಟಿಗೆ ಅದು ಮುಂದಿನದಕ್ಕೆ ತಡೆ. ಹಳೇ ಬಾಕಿಯಿಂದ ಬಿಡುಗಡೆ ಆಗ್ಬೇಕಂದ್ರೆ ಬ್ಯಾಂಕ್ ಒಪ್ಪಿ ಕೊಟ್ಟ ಲೆಟರ್ ಬೇಕು, ಅದು ಕೊಡೋದು ಬಿಡೋದು ಬ್ಯಾಂಕಿಗೆ ಬಿಟ್ಟಿದ್ದು. ಎರಡೂ ಕಾಪಿ ಮೇಲೆ ಸೀಲು, ತಾರೀಖು ಹಾಕಿಸ್ಕೊಂಡು ಬನ್ನಿ.